ಸೈಟಿಗೆ ಯಾವ ಹೆಲ್ಮೆಟ್, ಯಾವ ಹಾರ್ನೆಸ್, ಯಾವ ಮಾಸ್ಕ್? ಸುರಕ್ಷತಾ ಸಾಮಗ್ರಿ ಆರಿಸುವವರಿಗೊಂದು ಹೋಲಿಕೆ

ಕಟ್ಟಡ ಕೆಲಸದವರಿಗೆ ಸುರಕ್ಷತಾ ಸಾಮಗ್ರಿ ಕೊಡಬೇಕು ಅನ್ನುವ ನಿಯಮ ಎಲ್ಲರಿಗೂ ಗೊತ್ತು. ಯಾವುದನ್ನು ಕೊಡಬೇಕು ಅನ್ನುವಲ್ಲಿ ಮಾತ್ರ ನಿಯಮದ ಪುಸ್ತಕ ಸುಮ್ಮನಾಗಿಬಿಡುತ್ತದೆ. ‘ಅಪಾಯಕ್ಕೆ ತಕ್ಕ ಸಾಮಗ್ರಿ’ ಅಂತ ಹೇಳಿ ಉಳಿದದ್ದನ್ನು ನಮಗೆ ಬಿಡುತ್ತದೆ. ಕೊಳ್ಳುವವರ ಮುಂದೆ ಒಂದೇ ಹೆಸರಿನ ಹತ್ತು ಬಗೆಯ ಮಾಲು ಇರುತ್ತದೆ. ಆಗ ಬೆಲೆ ನೋಡಿ ಆರಿಸುವುದು ಸುಲಭ, ಆದರೆ ಅದು ಸರಿಯಾದ ದಾರಿಯಲ್ಲ.

ನಿಯಮ ಪಾಲಿಸುವುದು ಅಂದರೆ ಮೂರು ಸಂಗತಿ. ಸಾಮಗ್ರಿಯ ಮೇಲೆ ಮಾನ್ಯವಾದ ಮಾನದಂಡದ ಗುರುತು ಇರಬೇಕು. ಆ ಮಾನದಂಡ ನಿಮ್ಮ ಸೈಟಿನ ಅಪಾಯಕ್ಕೆ ಹೊಂದಬೇಕು. ಹಾಕಿಕೊಂಡವರು ಅದನ್ನು ಕೆಲಸ ಮುಗಿಯುವವರೆಗೂ ತೆಗೆಯದೆ ಇಟ್ಟುಕೊಳ್ಳುವಂತಿರಬೇಕು. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ಕೆಲವರು ನೋಡುತ್ತಾರೆ. ಮೂರನೆಯದನ್ನು ನೋಡುವವರು ತೀರಾ ಕಡಿಮೆ. ನನ್ನ ಪ್ರಕಾರ ಎರಡು ಮಾಲಿನ ನಡುವೆ ತೀರ್ಮಾನ ಆಗಬೇಕಾದದ್ದು ಆ ಮೂರನೆಯದರ ಮೇಲೆಯೇ. ಎಷ್ಟೇ ಗಟ್ಟಿ ಇದ್ದರೂ, ಮಧ್ಯಾಹ್ನಕ್ಕೆ ಕಳಚಿಟ್ಟ ಸಾಮಗ್ರಿ ಯಾರನ್ನೂ ಕಾಯುವುದಿಲ್ಲ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡ ಕೆಲಸಕ್ಕೆಂದೇ 1988ರಲ್ಲಿ 167ನೇ ಒಡಂಬಡಿಕೆ ಮಾಡಿತು. ಬೇರೆ ದಾರಿಯಲ್ಲಿ ಅಪಾಯ ತಡೆಯಲಾಗದಿದ್ದರೆ ತಕ್ಕ ಸಾಮಗ್ರಿಯನ್ನು ಕೆಲಸ ಕೊಡುವವರೇ ಕೊಡಬೇಕು, ಅದನ್ನು ಸುಸ್ಥಿತಿಯಲ್ಲಿ ಇಡಬೇಕು, ಕೆಲಸದವರಿಂದ ಕಾಸು ಕೇಳಬಾರದು ಎಂದು ಅದರ 30ನೇ ವಿಧಿ ಹೇಳುತ್ತದೆ. ಕೂಲಿಯಲ್ಲಿ ಶೂ ದುಡ್ಡು ಹಿಡಿಯುವುದು ಈ ಮಾತಿಗೆ ನೇರ ವಿರುದ್ಧ.

ಅದೇ ವಾಕ್ಯದ ಮೊದಲ ಭಾಗವನ್ನೂ ಗಮನಿಸಿ: ‘ಬೇರೆ ದಾರಿಯಲ್ಲಿ ತಡೆಯಲಾಗದಿದ್ದರೆ’. ಎತ್ತರದಿಂದ ಬೀಳುವವರನ್ನು ಹಿಡಿಯುವ ಮೈಪಟ್ಟಿ, ಅಂದರೆ ಹಾರ್ನೆಸ್‌ಗಿಂತ ಮೊದಲು ಅಂಚಿಗೆ ಗಟ್ಟಿ ಕಟಾಂಜನ ಹಾಕಬಹುದೇ ನೋಡಬೇಕು. ಮಾಸ್ಕ್‌ಗಿಂತ ಮೊದಲು, ಧೂಳು ಏಳದ ಹಾಗೆ ಕಟ್ಟರ್‌ಗೆ ನೀರಿನ ಪೈಪ್ ಕೊಡಬಹುದೇ ನೋಡಬೇಕು. ಮೈಮೇಲೆ ಹಾಕುವ ಸಾಮಗ್ರಿಯ ಸರದಿ ಕೊನೆಯದು.

ಹೆಲ್ಮೆಟ್: ಹಳೇ ಟೋಪಿಯೋ, ಗಲ್ಲದ ಪಟ್ಟಿಯ ಹೊಸದೋ

ಇಂದು ಮುಖ್ಯ ಆಯ್ಕೆ ಎರಡು. ಒಂದು ಎಲ್ಲರೂ ಕಂಡಿರುವ ಮುಂಚಾಚಿನ ಟೋಪಿ. ಇನ್ನೊಂದು ಬೆಟ್ಟ ಹತ್ತುವವರದರಂತೆ ತಲೆಗೆ ಅಂಟಿಕೊಂಡು ಕೂರುವ, ಗಲ್ಲದ ಪಟ್ಟಿ ಇರುವ ಹೆಲ್ಮೆಟ್.

ಮೊದಲನೆಯದು ಮೇಲಿನಿಂದ ಬೀಳುವ ವಸ್ತುವಿಗಾಗಿ ಮಾಡಿದ್ದು. ಯುರೋಪಿನ ಇಎನ್ 397 ಪರೀಕ್ಷೆಯಲ್ಲಿ 5 ಕಿಲೋ ಭಾರವನ್ನು 1 ಮೀಟರ್ ಎತ್ತರದಿಂದ ನೆತ್ತಿಯ ಮೇಲೆ ಬೀಳಿಸುತ್ತಾರೆ. ತಲೆಗೆ ದಾಟುವ ಬಲ 5 ಕಿಲೋನ್ಯೂಟನ್ ಮೀರಬಾರದು. ಅಮೆರಿಕದ ಝಡ್ 89.1 ಮಾನದಂಡದಲ್ಲಿ ಟೈಪ್ 1 ಅಂದರೂ ನೆತ್ತಿಗೆ ಮಾತ್ರ. ಪಕ್ಕ, ಹಿಂದೆ, ಮುಂದೆ ಬೀಳುವ ಪೆಟ್ಟಿಗೂ ಪರೀಕ್ಷೆ ಮಾಡಿದ್ದು ಟೈಪ್ 2. ಭಾರತದಲ್ಲಿ ನೋಡಬೇಕಾದ ಗುರುತು ಐಎಸ್ 2925. ಇನ್ನು ಜಾರಿ ಬಿದ್ದವರ ತಲೆ ನೆಲಕ್ಕೆ ಬಡಿಯುವುದು ಹೆಚ್ಚಾಗಿ ಪಕ್ಕದಿಂದ ಅಥವಾ ಹಿಂದಿನಿಂದ ಅಲ್ವಾ? ಪಟ್ಟಿ ಇಲ್ಲದ ಟೋಪಿ ಅಷ್ಟರಲ್ಲಿ ತಲೆ ಬಿಟ್ಟು ಹಾರಿಹೋಗಿರುತ್ತದೆ.

ಹಾಗಾದರೆ ಎಲ್ಲರಿಗೂ ಗಟ್ಟಿ ಪಟ್ಟಿಯದೇ ಕೊಟ್ಟುಬಿಡೋಣ ಅನ್ನಬೇಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಇಎನ್ 397ರ ಗಲ್ಲದ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ, ಅಂದರೆ ಸುಮಾರು 15ರಿಂದ 25 ಕಿಲೋ ಭಾರಕ್ಕೆ, ತಾನೇ ಬಿಟ್ಟುಕೊಳ್ಳಬೇಕು. ಹೆಲ್ಮೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದು ಅಂತ ಹೀಗೆ ಮಾಡಿದ್ದಾರೆ. ಬೆಟ್ಟ ಹತ್ತುವವರ ಇಎನ್ 12492ರ ಪಟ್ಟಿ 500 ನ್ಯೂಟನ್‌ವರೆಗೂ ಹಿಡಿದಿರಬೇಕು, ಬೀಳುವಾಗ ಹೆಲ್ಮೆಟ್ ತಲೆ ಬಿಡಬಾರದು ಅಂತ. ಎರಡೂ ಸರಿಯೇ, ಆದರೆ ಬೇರೆ ಬೇರೆ ಕೆಲಸಕ್ಕೆ. ಸಾರುವೆ, ಸೆಂಟ್ರಿಂಗ್, ಛಾವಣಿ ಅಂಚಿನ ಕೆಲಸಕ್ಕೆ ಎರಡನೆಯ ಬಗೆ. ನೆಲದ ಮೇಲೆ, ಕ್ರೇನ್ ಕೆಳಗೆ, ಇಕ್ಕಟ್ಟಾದ ಕಂಬಿಗಳ ನಡುವೆ ಓಡಾಡುವವರಿಗೆ ಮೊದಲನೆಯ ಬಗೆ. ಕೆಲವು ಮಾದರಿಗಳಲ್ಲಿ ಬಕಲ್ ಬದಲಿಸಿ ಎರಡಕ್ಕೂ ಹೊಂದಿಸಬಹುದು. ಜನ ದಿನಾ ಕೆಲಸ ಬದಲಿಸುವ ಸೈಟಿಗೆ ಅಂಥದು ಒಳ್ಳೆಯದು.

ಗಾಳಿ ತೂತು ಇರುವ ಹೆಲ್ಮೆಟ್ ಬಿಸಿಲಿನಲ್ಲಿ ದೊಡ್ಡ ಸಮಾಧಾನ. ತಲೆ ಬೆವರಿದರೆ ಹೆಲ್ಮೆಟ್ ಪಕ್ಕಕ್ಕೆ ಹೋಗುತ್ತದೆ, ಹಾಗಾಗಿ ತೂತಿನದಕ್ಕೆ ನನ್ನ ಒಲವು. ಆದರೆ ಕರೆಂಟ್ ಕೆಲಸದವರಿಗೆ ಅದು ಬೇಡ. ಅಮೆರಿಕದ ಗುರುತಿನಲ್ಲಿ ಇ ಅಂದರೆ 20,000 ವೋಲ್ಟ್, ಜಿ ಅಂದರೆ 2,200 ವೋಲ್ಟ್ ಪರೀಕ್ಷೆ ದಾಟಿದ್ದು. ಸಿ ಅಂದರೆ ಕರೆಂಟಿನಿಂದ ಯಾವ ರಕ್ಷಣೆಯೂ ಇಲ್ಲ.

ಮುಂಚಾಚಿನ ಕೆಳಗೆ ತಿರುಗಿಸಿ ನೋಡಿ. ಪ್ಲಾಸ್ಟಿಕ್‌ನಲ್ಲೇ ಅಚ್ಚಾದ ಪುಟ್ಟ ವೃತ್ತ ಸಿಗುತ್ತದೆ. ಸುತ್ತ 1ರಿಂದ 12, ನಡುವೆ ವರ್ಷ, ಒಂದು ಬಾಣ. ಬಾಣ ತೋರಿಸುವುದು ಹೆಲ್ಮೆಟ್ ಹುಟ್ಟಿದ ತಿಂಗಳು. ಬಿಸಿಲು ಪ್ಲಾಸ್ಟಿಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಮೊದಮೊದಲು ಹೊರಗೆ ಏನೂ ಕಾಣುವುದಿಲ್ಲ. ಬಣ್ಣ ಮಾಸಿ ಸುಣ್ಣದಂಥ ಪುಡಿ ಕೈಗೆ ಅಂಟಿದರೆ ಅದನ್ನು ಬಿಸಾಡಬೇಕು. ಪೇಂಟು ಬಳಿಯುವುದು, ಗಾಳಿಗೆಂದು ಮೊಳೆ ಕಾಯಿಸಿ ತೂತು ಮಾಡುವುದು, ಒಳಗಿನ ಪಟ್ಟಿಗೂ ಚಿಪ್ಪಿಗೂ ನಡುವಿನ ಜಾಗದಲ್ಲಿ ಫೋನು ತುರುಕುವುದು, ಇವು ಯಾವುದೂ ಕೂಡದು. ಆ ಖಾಲಿ ಜಾಗ ಇರುವುದರಿಂದಲೇ ಪೆಟ್ಟು ತಲೆಗೆ ತಲುಪುವ ಮೊದಲು ತಗ್ಗುವುದು.

ಎತ್ತರದ ಕೆಲಸ: ಇಲ್ಲಿ ತಪ್ಪು ಆಯ್ಕೆಗೆ ಎರಡನೇ ಅವಕಾಶ ಇಲ್ಲ

ಸೊಂಟದ ಬೆಲ್ಟೋ, ಮೈತುಂಬಾ ಹಾರ್ನೆಸ್ಸೋ ಅನ್ನುವ ಪ್ರಶ್ನೆ ಮುಗಿದುಹೋದದ್ದು. ಬೀಳುವವರನ್ನು ಹಿಡಿಯಲು ಸೊಂಟದ ಬೆಲ್ಟ್ ಬಳಸುವುದನ್ನು ಅಮೆರಿಕ 1998ರ ಜನವರಿ 1ರಿಂದಲೇ ನಿಲ್ಲಿಸಿತು. ಬೆಲ್ಟ್ ಹಾಕಿದ್ದರೆ ಬೀಳುವ ಮೈಯ ಪೂರ್ತಿ ಜಗ್ಗು ಹೊಟ್ಟೆ, ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಕೆಲವರು ಬೆಲ್ಟಿನಿಂದ ಜಾರಿ ಹೊರಬಂದೂ ಬಿಡುತ್ತಾರೆ. ಸೈಟಿನಲ್ಲಿ ಹಾರ್ನೆಸ್‌ಗೂ ‘ಬೆಲ್ಟ್’ ಅಂತಲೇ ಕರೆಯುವುದುಂಟು. ಆರ್ಡರ್ ಬರೆಯುವಾಗ ಮಾತ್ರ ‘ಫುಲ್ ಬಾಡಿ ಹಾರ್ನೆಸ್’ ಅಂತ ಸ್ಪಷ್ಟವಾಗಿ ಬರೆಯಿರಿ. ಗುರುತು: ಇಎನ್ 361, ಅಥವಾ ಐಎಸ್ 3521.

ನಿಜವಾದ ಆಯ್ಕೆ ಇರುವುದು ಹಾರ್ನೆಸ್‌ನಿಂದ ಆಂಕರ್‌ವರೆಗಿನ, ಅಂದರೆ ಹಗ್ಗ ಕಟ್ಟುವ ಗಟ್ಟಿ ಜಾಗದವರೆಗಿನ ಕೊಂಡಿಯಲ್ಲಿ. ಅಲ್ಲಿ ಮೂರು ದಾರಿ.

ಮೊದಲನೆಯದು, ಅಂಚಿನವರೆಗೆ ತಲುಪಲೇ ಬಿಡದ ಗಿಡ್ಡ ಹಗ್ಗ. ಬೀಳುವ ಪ್ರಶ್ನೆಯೇ ಏಳದ ಹಾಗೆ ಅಳತೆ ಮಾಡಿ ಕಟ್ಟುವುದು. ಸಮತಟ್ಟಾದ ಛಾವಣಿ, ಸ್ಲ್ಯಾಬ್ ಮೇಲಿನ ಕೆಲಸಕ್ಕೆ ಇದೇ ಎಲ್ಲಕ್ಕಿಂತ ಒಳ್ಳೆಯದು, ಅಗ್ಗವೂ ಹೌದು. ಆದರೂ ಇದನ್ನು ಕೇಳಿ ಪಡೆಯುವವರು ಅಪರೂಪ.

ಎರಡನೆಯದು, ಶಾಕ್ ಅಬ್ಸಾರ್ಬರ್ (ಬಿದ್ದಾಗ ಬಿಚ್ಚಿಕೊಂಡು ಜಗ್ಗು ತಗ್ಗಿಸುವ ಹೊಲಿದ ಪಟ್ಟಿ) ಇರುವ 2 ಮೀಟರ್ ಲ್ಯಾನ್‌ಯಾರ್ಡ್, ಅಂದರೆ ಹಾರ್ನೆಸ್ಸನ್ನು ಆಂಕರ್‌ಗೆ ಸೇರಿಸುವ ಹಗ್ಗ. ಇದನ್ನು ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಲೇಬೇಕು. ಕಾಲಿನ ಮಟ್ಟದಲ್ಲಿ ಆಂಕರ್ ಇದೆ ಅಂದುಕೊಳ್ಳಿ. ಹಗ್ಗದ ಉದ್ದ 2 ಮೀಟರ್. ಅಬ್ಸಾರ್ಬರ್ ಹರಿದು ಬಿಚ್ಚಿಕೊಂಡರೆ ಇನ್ನೂ 1.75 ಮೀಟರ್‌ವರೆಗೆ. ಬೆನ್ನಿನ ರಿಂಗಿನಿಂದ ಪಾದದವರೆಗೆ ಸುಮಾರು 1.5 ಮೀಟರ್. ಕೆಳಗೆ ಉಳಿಯಬೇಕಾದ ಜಾಗ 1 ಮೀಟರ್. ಒಟ್ಟು 6.25 ಮೀಟರ್. ಒಂದೊಂದು ಅಂತಸ್ತು 3 ಮೀಟರ್ ಇದ್ದರೆ, ಎರಡು ಅಂತಸ್ತಿನ ಎತ್ತರದಲ್ಲೂ ಇಷ್ಟು ಜಾಗ ಸಿಗುವುದಿಲ್ಲ! ಹಾರ್ನೆಸ್ ಹಾಕಿದ್ದಾರೆ, ಹುಕ್ ಸಿಕ್ಕಿಸಿದ್ದಾರೆ, ಕಾಗದದಲ್ಲಿ ಎಲ್ಲವೂ ಸರಿ, ಆದರೂ ನೆಲಕ್ಕೆ ಬಡಿಯುವ ಸಾಧ್ಯತೆ ಇದೆ. ಅದೇ ಆಂಕರ್ ಪಾದದಿಂದ 2 ಮೀಟರ್ ಮೇಲೆ, ಅಂದರೆ ತಲೆಗಿಂತ ಎತ್ತರದಲ್ಲಿ ಇದ್ದರೆ ಪಾದದ ಕೆಳಗೆ 4.25 ಮೀಟರ್ ಸಾಕು. ಆಂಕರ್ ಎತ್ತರ ಬದಲಿಸಲು ಖರ್ಚು ಕಡಿಮೆ, ಉಳಿಯುವುದು ಜೀವ.

ಮೂರನೆಯದು, ತಾನೇ ಸುತ್ತಿಕೊಳ್ಳುವ ಪೆಟ್ಟಿಗೆ, ಸೈಟಿನಲ್ಲಿ ‘ಫಾಲ್ ಅರೆಸ್ಟರ್’ ಅನ್ನುತ್ತಾರೆ. ಹಗ್ಗ ಯಾವಾಗಲೂ ಬಿಗಿಯಾಗಿರುತ್ತದೆ, ಜೋರಾಗಿ ಎಳೆದರೆ ಲಾಕ್ ಆಗುತ್ತದೆ. ಇಎನ್ 360 ಪ್ರಕಾರ ಬೀಳುವ ದೂರ 2 ಮೀಟರ್ ಒಳಗೆ ನಿಲ್ಲಬೇಕು. ಕೆಳಗೆ ಜಾಗ ಕಡಿಮೆ ಇರುವಲ್ಲಿ ಇದೇ ಸರಿ. ಬೆಲೆ ಜಾಸ್ತಿ, ಭಾರವೂ ಜಾಸ್ತಿ. ಎರಡು ಎಚ್ಚರಿಕೆ ಬೇಕು. ಸ್ಲ್ಯಾಬ್ ಅಂಚಿಗೆ ತಾಗುವ ಹಾಗೆ ಅಡ್ಡಡ್ಡ ಬಳಸುವುದಿದ್ದರೆ, ಚೂಪು ಅಂಚಿಗೆ ಪರೀಕ್ಷೆ ಮಾಡಿದ ಮಾದರಿಯೇ ಬೇಕು, ಇಲ್ಲದಿದ್ದರೆ ಹಗ್ಗ ಕತ್ತರಿಸಬಹುದು. ಮರಳಿನ ರಾಶಿಯ ಮೇಲೆ ನಿಲ್ಲುವ ಕೆಲಸಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ. ನಿಧಾನವಾಗಿ ಕುಸಿಯುವವರಿಗೆ ಲಾಕ್ ಬೀಳುವಷ್ಟು ವೇಗ ಬರುವುದಿಲ್ಲ.

ಸಾರುವೆ ಮೇಲೆ ಓಡಾಡುವವರಿಗೆ ಎರಡು ಹುಕ್ಕಿನ ಲ್ಯಾನ್‌ಯಾರ್ಡ್ ಬೇಕು. ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಸಿಕ್ಕಿಸಬೇಕು. ಬಿಡುವಾಗಿರುವ ಹುಕ್ಕನ್ನು ಸೊಂಟದ ಲೋಹದ ರಿಂಗಿಗೆ ಸಿಕ್ಕಿಸುವ ಅಭ್ಯಾಸ ತುಂಬಾ ಕಡೆ ಇದೆ. ಹಾಗೆ ಮಾಡಿದರೆ ಬಿದ್ದಾಗ ಜಗ್ಗು ಅಬ್ಸಾರ್ಬರ್ ತಪ್ಪಿಸಿ ನೇರ ಮೈಗೆ ಬರಬಹುದು. ಅದಕ್ಕೆಂದೇ ಎದೆಪಟ್ಟಿಯ ಮೇಲೆ ಸುಲಭವಾಗಿ ಕಳಚಿಕೊಳ್ಳುವ ಪ್ಲಾಸ್ಟಿಕ್ ಕೊಂಡಿ ಇರುವ ಹಾರ್ನೆಸ್ ಸಿಗುತ್ತದೆ. ಎರಡು ಮಾದರಿ ಸಮಸಮ ಅನ್ನಿಸಿದರೆ ಆ ಕೊಂಡಿ ಇರುವುದನ್ನು ತೆಗೆದುಕೊಳ್ಳಿ.

ಹಳೇ ಹಾರ್ನೆಸ್ ಇಟ್ಟುಕೊಳ್ಳಬೇಕೋ ಬೇಡವೋ ಗೊತ್ತಾಗಬೇಕಾದರೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ಹೊರಮೈ ಬಿಲ್ಲಿನ ಹಾಗೆ ಉಬ್ಬಬೇಕು. ಸುಮ್ನೆ ಹರಡಿಟ್ಟಾಗ ಕಾಣದ ಎಳೆ ಕಡಿತ ಆಗ ಎದ್ದು ನಿಲ್ಲುತ್ತದೆ. ವೆಲ್ಡಿಂಗ್ ಕಿಡಿ ತಾಗಿದ ಜಾಗ ಗಂಟಾಗಿ ಬೆರಳಿಗೆ ಒರಟಾಗಿ ಸಿಗುತ್ತದೆ. ಅಬ್ಸಾರ್ಬರ್ ಚೀಲದ ಹೊಲಿಗೆ ಬಿಚ್ಚಿದ್ದರೆ, ಲೇಬಲ್ ಓದಲಾಗದಿದ್ದರೆ, ಒಮ್ಮೆ ಯಾರಾದರೂ ಅದರಲ್ಲಿ ಬಿದ್ದಿದ್ದರೆ, ಅದು ಮತ್ತೆ ಬಳಕೆಗೆ ಬರಕೂಡದು. ಕತ್ತರಿಸಿಯೇ ಬಿಸಾಡಿ, ಇಲ್ಲದಿದ್ದರೆ ಮೂಲೆಯಿಂದ ಎದ್ದು ಮತ್ತೆ ಯಾರದೋ ಹೆಗಲೇರುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಬಿದ್ದವರು ಹಾರ್ನೆಸ್‌ನಲ್ಲಿ ನೇತಾಡುತ್ತಾ ಇದ್ದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಕಾಲಿನ ರಕ್ತ ಮೇಲಕ್ಕೆ ಬರುವುದಿಲ್ಲ. ಅವರನ್ನು ಇಳಿಸುವುದು ಯಾರು, ಯಾವ ಏಣಿಯಿಂದ, ಯಾವ ಹಗ್ಗದಿಂದ ಅಂತ ಮೊದಲೇ ಗೊತ್ತಿಲ್ಲದ ಸೈಟಿನಲ್ಲಿ ಹಾರ್ನೆಸ್ ಕೊಟ್ಟಿದ್ದೂ ಅರ್ಧ ಕೆಲಸವೇ.

ಧೂಳು: ಕಣ್ಣಿಗೆ ಕಾಣದ ಭಾಗವೇ ಅಪಾಯ

ಬಟ್ಟೆ ಕಟ್ಟಿಕೊಳ್ಳುವುದು, ಆಸ್ಪತ್ರೆಯ ನೀಲಿ ಮಾಸ್ಕ್, ಇವು ಯಾವುವೂ ಸೈಟಿನ ಧೂಳಿಗೆ ಲೆಕ್ಕಕ್ಕಿಲ್ಲ. ಕಾಂಕ್ರೀಟ್, ಕಲ್ಲು, ಇಟ್ಟಿಗೆ ಕೊಯ್ಯುವಾಗ ಏಳುವ ಸಿಲಿಕಾ ಧೂಳಿನ ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಇದರಿಂದ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ಬಂದರೆ ವಾಸಿ ಮಾಡುವ ಮದ್ದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಈ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ 2016ರ ನಿಯಮ 8 ಗಂಟೆಯ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ಸಿಲಿಕಾ 50 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತದೆ. ಅದು ಎಷ್ಟು ಕಡಿಮೆ ಅಂದರೆ ಕಣ್ಣಿಗೆ ಕಾಣುವುದೇ ಇಲ್ಲ.

ಬಿಸಾಡುವ ಮಾಸ್ಕ್‌ಗಳಲ್ಲಿ ಎಫ್‌ಎಫ್‌ಪಿ2 ಸೋಸುವುದು ಕನಿಷ್ಠ 94%, ಎನ್95 ಸೋಸುವುದು 95%, ಎಫ್‌ಎಫ್‌ಪಿ3 ಸೋಸುವುದು 99%. ಭಾರತದ ಗುರುತು ಐಎಸ್ 9473. ಈ ಅಂಕಿಗಳೆಲ್ಲ ಮಾಸ್ಕಿನ ಬಟ್ಟೆಯದು. ಗಾಳಿ ಪಕ್ಕದಿಂದ ನುಗ್ಗಿದರೆ 99 ಇದ್ದೂ ಪ್ರಯೋಜನವಿಲ್ಲ. ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಟ್ಟು ನೋಡಿ. ಮೂಗಿನ ಪಕ್ಕದಲ್ಲಿ ಬಿಸಿಗಾಳಿ ತಾಗಿದರೆ ಸೀಲ್ ಆಗಿಲ್ಲ ಅಂತಲೇ ಅರ್ಥ. ಕನ್ನಡಕ ಮಂಜಾಗುವುದೂ ಅದೇ ಸುಳಿವು.

ಗಡ್ಡ ಇರುವವರಿಗೆ ಅಂಟಿಕೊಳ್ಳುವ ಯಾವ ಮಾಸ್ಕೂ ಸೀಲ್ ಆಗುವುದಿಲ್ಲ. ಅವರಿಗೆ ಗಡ್ಡ ತೆಗೆಯಿರಿ ಅನ್ನುವುದಕ್ಕಿಂತ ಬ್ಯಾಟರಿ ಫ್ಯಾನ್ ಇರುವ ಸಡಿಲ ಹುಡ್ ಕೊಡುವುದು ಮರ್ಯಾದೆಯ ದಾರಿ. ದುಬಾರಿ ನಿಜ. ದಿನಾ ಕಟಿಂಗ್ ಮಾಡುವ ಒಬ್ಬಿಬ್ಬರಿಗಾದರೂ ಅದನ್ನೇ ಕೊಡಿ. ಗಡ್ಡ ಇಲ್ಲದ, ದಿನಾ ಧೂಳಿನಲ್ಲೇ ಇರುವವರಿಗೆ ಫಿಲ್ಟರ್ ಬದಲಿಸುವ ರಬ್ಬರ್ ಅರ್ಧ ಮಾಸ್ಕ್ ಬಿಸಾಡುವುದಕ್ಕಿಂತ ಚೆನ್ನಾಗಿ ಕೂರುತ್ತದೆ. ಕೆಲವೇ ತಿಂಗಳಲ್ಲಿ ಖರ್ಚೂ ಸರಿಹೋಗುತ್ತದೆ. ಅಪರೂಪಕ್ಕೆ ಒಂದು ಗೋಡೆ ಕೊರೆಯುವವರಿಗೆ ಬಿಸಾಡುವುದೇ ಸಾಕು. ಪೇಂಟು, ಥಿನ್ನರ್ ವಾಸನೆಗೆ ಧೂಳಿನ ಮಾಸ್ಕ್ ಏನೂ ಮಾಡುವುದಿಲ್ಲ, ಅದಕ್ಕೆ ಆವಿ ಹೀರುವ ಬೇರೆ ಕಾರ್ಟ್ರಿಜ್ ಬೇಕು. ಗಾಳಿಯಾಡದ ಹೊಂಡ, ಟ್ಯಾಂಕ್‌ಗೆ ಇಳಿಯುವವರಿಗೆ ಇವೆರಡೂ ಉಪಯೋಗವಿಲ್ಲ. ಅಲ್ಲಿ ಕೊರತೆ ಇರುವುದು ಆಮ್ಲಜನಕದ್ದು.

ಮಾಸ್ಕ್ ಹೋಲಿಸುವ ಮೊದಲು ಯಂತ್ರ ಹೋಲಿಸಿ. ಅಮೆರಿಕದ ನಿಯಮದಲ್ಲಿ, ನೀರು ಹರಿಯುವ, ಕೈಯಲ್ಲಿ ಹಿಡಿಯುವ ಯಂತ್ರದ ಗರಗಸದಿಂದ ಹೊರಗಡೆ 4 ಗಂಟೆಯವರೆಗೆ ಕೊಯ್ದರೆ ಮಾಸ್ಕ್ ಕಡ್ಡಾಯವಲ್ಲ. ಅದೇ ಕೆಲಸ ಒಳಗಡೆಯಾದರೆ ಕಡ್ಡಾಯ. ನೀರಿನ ಒಂದು ಪೈಪು ಎಷ್ಟು ಕೆಲಸ ಮಾಡುತ್ತದೆ ನೋಡಿ.

ಕಾಲು ಮತ್ತು ಕೈ

ಸೇಫ್ಟಿ ಶೂ ಅಂದರೆ ಮುಂದೆ ಬೆರಳು ಕಾಯುವ ಗಟ್ಟಿ ಟೋ ಕ್ಯಾಪ್ ಅಷ್ಟೇ ಅಂದುಕೊಳ್ಳುವವರು ಬಹಳ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20345ರಲ್ಲಿ ಟೋ ಕ್ಯಾಪ್ 200 ಜೂಲ್ ಪೆಟ್ಟು, 15 ಕಿಲೋನ್ಯೂಟನ್ ಒತ್ತಡ ತಡೆಯಬೇಕು. ಅದು ಎಲ್ಲ ದರ್ಜೆಗೂ ಒಂದೇ. ವ್ಯತ್ಯಾಸ ಇರುವುದು ಉಳಿದದ್ದರಲ್ಲಿ. ಎಸ್1ನಲ್ಲಿ ಮೊಳೆ ತಡೆ ಇಲ್ಲ. ಎಸ್1ಪಿಯಲ್ಲಿ ಇದೆ, ಆದರೆ ನೀರಿಗೆ ತಡೆ ಇಲ್ಲ. ಎಸ್3ಯಲ್ಲಿ ಎರಡೂ ಇವೆ, ಅಡಿ ಹಲ್ಲುಹಲ್ಲಾಗಿಯೂ ಇರುತ್ತದೆ. ಸೆಂಟ್ರಿಂಗ್ ಬಿಚ್ಚಿದ ಹಲಗೆಗಳು ಮೊಳೆ ಮೇಲಾಗಿ ಬಿದ್ದಿರುವ ಸೈಟಿಗೆ ಎಸ್1 ಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಳಾಂಗಣದ ಒಣ ಕೆಲಸಕ್ಕೆ ಎಸ್1ಪಿ ಹಗುರ, ಗಾಳಿಯಾಡುತ್ತದೆ.

ಮೊಳೆ ತಡೆಯಲ್ಲೂ ಎರಡು ಬಗೆ. ಉಕ್ಕಿನ ತಗಡು ಗಟ್ಟಿ, ಆದರೆ ಬಿರುಸು, ಅಂಚಿನವರೆಗೆ ಪೂರ್ತಿ ಬರುವುದಿಲ್ಲ. ನೇಯ್ದ ಪದರ ಬಾಗುತ್ತದೆ, ಪಾದವನ್ನೆಲ್ಲ ಮುಚ್ಚುತ್ತದೆ, ಆದರೆ ಸಣ್ಣ ಮೊಳೆ ಎಳೆಗಳ ನಡುವೆ ನುಸುಳಬಹುದು. ಅದಕ್ಕೇ 2022ರ ಪರಿಷ್ಕರಣೆಯಲ್ಲಿ ನೇಯ್ದ ಪದರವನ್ನು ಎರಡಾಗಿ ಒಡೆದರು. ಪಿಎಲ್ ಅಂದರೆ 4.5 ಮಿಲಿಮೀಟರ್ ದಪ್ಪದ ಮೊಳೆಗೆ ಪರೀಕ್ಷಿಸಿದ್ದು, ಪಿಎಸ್ ಅಂದರೆ 3 ಮಿಲಿಮೀಟರ್‌ನದಕ್ಕೆ. ಸಣ್ಣ ಮೊಳೆ ಜಾಸ್ತಿ ಇರುವ ಕಡೆ ಪಿಎಸ್ ಅಥವಾ ಉಕ್ಕು.

ಕಾಂಕ್ರೀಟ್ ಹಾಕುವವರಿಗೆ ಶೂ ಸಾಲದು, ಗಂಬೂಟೇ ಬೇಕು, ಅದರಲ್ಲೂ ನೀರು, ಮೊಳೆ ಎರಡನ್ನೂ ತಡೆಯುವ ಎಸ್5. ಹಸಿ ಸಿಮೆಂಟಿನ ಪಿಎಚ್ 12ರಿಂದ 13, ಅಂದರೆ ಚರ್ಮ ಸುಡುವಷ್ಟು ಕ್ಷಾರ. ಬೂಟಿನೊಳಗೆ ಸೇರಿದರೆ ಮೊದಲು ಏನೂ ಅನ್ನಿಸುವುದಿಲ್ಲ. ಕೆಲಸ ಮುಗಿಸಿ ಕಳಚಿದಾಗ ಚರ್ಮ ಸುಟ್ಟು ಬಿಳಿಚಿರುತ್ತದೆ. ಪ್ಯಾಂಟನ್ನು ಬೂಟಿನ ಹೊರಗೆ ಬಿಡಬೇಕು, ಒಳಗೆ ತುರುಕಿದರೆ ಹಸಿ ಕಾಂಕ್ರೀಟಿಗೆ ದಾರಿ ಮಾಡಿಕೊಟ್ಟ ಹಾಗೆ.

ಕೈಗೂ ಅದೇ ಮಾತು. ಸಿಮೆಂಟಿಗೆ ಚರ್ಮದ ಗ್ಲೌಸ್ ಬೇಡ, ನೀರು ಕುಡಿದು ಸಿಮೆಂಟನ್ನು ಕೈಗೇ ಒತ್ತಿ ಹಿಡಿಯುತ್ತದೆ. ನೈಟ್ರೈಲ್ ಅಥವಾ ಪಿವಿಸಿ ಸರಿ. ಕಂಬಿ, ತಗಡು ಎತ್ತುವವರು ಇಎನ್ 388ರ ಗುರುತು ನೋಡಬೇಕು. ಸುತ್ತಿಗೆಯ ಚಿತ್ರದ ಕೆಳಗೆ ನಾಲ್ಕು ಅಂಕಿ ಇರುತ್ತವೆ. ಅನುಕ್ರಮವಾಗಿ ಸವೆತ, ಕೊಯ್ತ, ಹರಿಯುವಿಕೆ, ಚುಚ್ಚು, ಇವನ್ನು ಗ್ಲೌಸ್ ಎಷ್ಟು ತಡೆಯುತ್ತದೆ ಅಂತ. ಆಮೇಲೆ ಎಯಿಂದ ಎಫ್‌ವರೆಗಿನ ಅಕ್ಷರ, ಇದೂ ಕೊಯ್ತದ್ದೇ, ಇನ್ನೂ ನಂಬಬಹುದಾದ ಪರೀಕ್ಷೆ. ಎಫ್ ಎಲ್ಲಕ್ಕಿಂತ ಗಟ್ಟಿ. ಆದರೆ ಬೈಂಡಿಂಗ್ ವೈರ್ ಕಟ್ಟುವವರಿಗೆ ಬೆರಳು ಆಡದ ದಪ್ಪ ಗ್ಲೌಸ್ ಕೊಟ್ಟರೆ ಹತ್ತು ನಿಮಿಷಕ್ಕೆ ಜೇಬು ಸೇರುತ್ತದೆ. ಸಿ ದರ್ಜೆಯ ತೆಳು ಗ್ಲೌಸ್ ದಿನವಿಡೀ ಕೈಯಲ್ಲಿದ್ದರೆ ಅದೇ ಮೇಲು. ತಿರುಗುವ ಡ್ರಿಲ್, ಬೆಂಚಿನ ಯಂತ್ರದ ಹತ್ತಿರ ಗ್ಲೌಸ್ ಬೇಡವೇ ಬೇಡ, ಎಳೆದುಕೊಂಡುಬಿಡುತ್ತದೆ.

ಕಣ್ಣು, ಕಿವಿ, ಜಾಕೆಟ್

ಕಣ್ಣಿನ ರಕ್ಷಣೆಯ ಮಾನದಂಡ ಇಎನ್ 166ರಲ್ಲಿ ಎಫ್ ಅಂದರೆ ಸೆಕೆಂಡಿಗೆ 45 ಮೀಟರ್ ವೇಗದ ಕಣ ತಡೆಯುವುದು, ಬಿ ಅಂದರೆ 120, ಎ ಅಂದರೆ 190. ಸಾದಾ ಕನ್ನಡಕಕ್ಕೆ ಎಫ್ ಮಾತ್ರ ಸಿಗಲು ಸಾಧ್ಯ, ಗಾಗಲ್‌ಗೆ ಬಿವರೆಗೆ, ಮುಖದ ಶೀಲ್ಡಿಗೆ ಎ. ಗ್ರೈಂಡರ್ ಹಿಡಿಯುವವರಿಗೆ ಶೀಲ್ಡ್ ಒಂದೇ ಸಾಲದು, ಕಿಡಿ ಕೆಳಗಿನಿಂದ ನುಗ್ಗುತ್ತದೆ. ಒಳಗೆ ಗಾಗಲ್, ಹೊರಗೆ ಶೀಲ್ಡ್. ಎನ್ ಗುರುತು ಇರುವ ಗಾಜು ಬೇಗ ಮಂಜಾಗುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ, ಏಕೆಂದರೆ ಜನ ಕನ್ನಡಕ ತೆಗೆಯುವುದೇ ಮಂಜಿನಿಂದ.

ಕಿವಿಗೆ ಹೆಚ್ಚು ತಡೆಯುವುದೇ ಒಳ್ಳೆಯದಲ್ಲ. ಕೆಲಸದ ಸುರಕ್ಷತೆಯ ಸಂಶೋಧನೆ ಮಾಡುವ ಅಮೆರಿಕದ ನಯಾಶ್ ಸಂಸ್ಥೆ ಹೇಳುವ ಮಿತಿ 8 ಗಂಟೆಗೆ 85 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಹಾಗಂತ ಕಿವಿಗೆ 70ಕ್ಕಿಂತ ಕಡಿಮೆ ಸದ್ದು ತಲುಪುವ ಹಾಗೆ ಮುಚ್ಚಿದರೆ ಹಿಂದಕ್ಕೆ ಬರುವ ಲಾರಿಯ ಬೀಪ್ ಕೇಳುವುದಿಲ್ಲ. 30 ಡೆಸಿಬಲ್ ತಡೆಯುವ ಮಫ್ (ಕಿವಿಯನ್ನು ಹೊರಗಿನಿಂದ ಮುಚ್ಚುವ ಬಟ್ಟಲು) ಅನ್ನು ಗದ್ದಲದ ಅರ್ಧ ಹೊತ್ತು ತೆಗೆದಿಟ್ಟರೆ ಸಿಗುವ ನಿಜವಾದ ರಕ್ಷಣೆ ಸುಮಾರು 3 ಡೆಸಿಬಲ್. ಆಗಾಗ ಹಾಕಿ ತೆಗೆಯುವವರಿಗೆ, ಕೈಯೆಲ್ಲ ಸಿಮೆಂಟ್ ಆಗಿರುವವರಿಗೆ ಹೆಲ್ಮೆಟ್‌ಗೆ ಸಿಕ್ಕಿಸುವ ಮಫ್. ಕನ್ನಡಕದ ಕಡ್ಡಿ ಮಫ್‌ನ ಸೀಲ್ ಎತ್ತುತ್ತದೆ, ಅಂಥವರಿಗೆ ಕಿವಿಯೊಳಗೆ ಇಡುವ ಪ್ಲಗ್.

ದೂರದಿಂದಲೇ ಎದ್ದು ಕಾಣುವ ಜಾಕೆಟ್ ವಿಷಯ ಸರಳ. ಐಎಸ್‌ಒ 20471ರ 2ನೇ ದರ್ಜೆ ಹಗಲಿನ ಸೈಟಿಗೆ ಸಾಕು. ರಾತ್ರಿ ಕೆಲಸ, ವೇಗದ ವಾಹನ ಇರುವ ರಸ್ತೆ ಅಂದರೆ 3ನೇ ದರ್ಜೆ. ಬಣ್ಣ ಮಾಸಿದ್ದು ಬರೀ ಬಟ್ಟೆ.

ಆರ್ಡರ್ ಕೊಡುವ ಮೊದಲು

ಅಳತೆ ಕೇಳಿ. ಒಂದೇ ಸೈಜಿನ ನೂರು ಹಾರ್ನೆಸ್ ತರಿಸಿದರೆ ಸಣ್ಣ ಮೈಕಟ್ಟಿನವರಿಗೆ, ಹೆಚ್ಚಾಗಿ ಹೆಂಗಸರಿಗೆ, ಕಾಲಿನ ಪಟ್ಟಿ ಸಡಿಲ, ಎದೆಪಟ್ಟಿ ಕುತ್ತಿಗೆಗೆ. ಸಾಮಗ್ರಿ ಪ್ರತಿಯೊಬ್ಬರ ಮೈಗೂ ಸರಿಯಾಗಿ ಹೊಂದಲೇಬೇಕು ಎಂದು ಅಮೆರಿಕ ತನ್ನ ಕಟ್ಟಡ ನಿಯಮದಲ್ಲೇ ಬರೆಯಿತು, ಅದು 2025ರ ಜನವರಿ 13ರಿಂದ ಜಾರಿಯಲ್ಲಿದೆ. ಕಾನೂನು ಹೇಳುವವರೆಗೆ ಕಾಯಬೇಕಾದ ವಿಷಯವಲ್ಲ ಇದು.

ಎರಡು ಮೂರು ಮಾದರಿ ತರಿಸಿ, ನಿಜವಾಗಿ ಆ ಕೆಲಸ ಮಾಡುವವರ ಕೈಗೆ ಒಂದು ವಾರ ಕೊಡಿ. ಒಂದೇ ಜನ ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡಲಿ. ಹೆಲ್ಮೆಟ್, ಗಾಗಲ್, ಮಾಸ್ಕ್, ಮಫ್ ಒಂದೊಂದೂ ಚೆನ್ನಾಗಿದ್ದು, ಜೊತೆಯಾದಾಗ ಒಂದು ಇನ್ನೊಂದನ್ನು ತಳ್ಳುವುದು ಮಾಮೂಲು. ಯಾವುದನ್ನು ಯಾವಾಗ ತೆಗೆದಿರಿ, ಯಾಕೆ ತೆಗೆದಿರಿ ಅಂತ ಕೇಳಿ ಬರೆದುಕೊಳ್ಳಿ. ಬೈಯಬೇಡಿ, ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ.

ಆಮೇಲೆ ಇಡುವ ಜಾಗ. ಮಾಸ್ಕ್, ಪ್ಲಗ್, ಗ್ಲೌಸ್ ಬೀಗ ಹಾಕಿದ ಸ್ಟೋರಿನಲ್ಲಿದ್ದು, ಹರಿದದ್ದನ್ನು ತೋರಿಸಿದರೆ ಮಾತ್ರ ಹೊಸದು ಅನ್ನುವ ಪದ್ಧತಿ ಇದ್ದರೆ, ಜನ ಹರಿದದ್ದರಲ್ಲೇ ದಿನ ದೂಡುತ್ತಾರೆ. ಕಟಿಂಗ್ ನಡೆಯುವ ಮಹಡಿಯಲ್ಲೇ ಒಂದು ಮುಚ್ಚಳದ ಡಬ್ಬ ಇಡಿ. ಯಾರು ಬೇಕಾದರೂ ಕೇಳದೆ ತೆಗೆದುಕೊಳ್ಳಲಿ. ಹಾರ್ನೆಸ್ ಮಾತ್ರ ನಂಬರ್ ಹಾಕಿ, ಕೊಟ್ಟವರ ಹೆಸರು, ನೋಡಿದ ತಾರೀಖು, ನೋಡಿದವರ ಸಹಿ ಪುಸ್ತಕದಲ್ಲಿ ಬರೆದು ನೆರಳಿನಲ್ಲಿ ತೂಗುಹಾಕಿ. ಇನ್‌ಸ್ಪೆಕ್ಟರ್ ಬಂದಾಗ ತೋರಿಸಲು ಆ ಪುಸ್ತಕ ಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಅದನ್ನು ಹೆಗಲಿಗೇರಿಸುವವರಿಗೆ ಬೇಕು.